ಮೈಸೂರಲ್ಲಿ ಕೂತು ಮಾರತಹಳ್ಳಿ ಆಫೀಸಿನಲ್ಲಿ ಓಡಾಡುವುದು ಹೇಗೆ?

ಮೀಟಿಂಗ್ ರೂಮಿನಲ್ಲಿ ಏಳು ಜನ. ಎಂಟನೆಯವರು ಗೋಡೆಯ ಟಿವಿಯಲ್ಲಿ. ಒಂದು ಗಂಟೆ ಮಾತು ನಡೆಯುತ್ತದೆ. "ಸರಿ, ಇಷ್ಟೇ ಅಲ್ವಾ?" ಎಂದು ಯಾರೋ ಕಾಲ್ ಕಟ್ ಮಾಡುತ್ತಾರೆ. ಅಸಲಿ ಮೀಟಿಂಗ್ ಶುರುವಾಗುವುದೇ ಆಗ. ಬಾಗಿಲ ಹತ್ತಿರ ಒಬ್ಬರು "ಆ ತಾರೀಖಿಗೆ ಮುಗಿಯಲ್ಲ ಬಿಡ್ರೀ" ಅನ್ನುತ್ತಾರೆ. ಇನ್ನೊಬ್ಬರು ತಲೆಯಾಡಿಸುತ್ತಾರೆ. ಪ್ಯಾಂಟ್ರಿ ಮುಟ್ಟುವಷ್ಟರಲ್ಲಿ ಹೊಸ ತಾರೀಖು ನಿಕ್ಕಿಯಾಗಿರುತ್ತದೆ. ಟಿವಿಯಲ್ಲಿದ್ದವರಿಗೆ ಅದು ತಿಳಿಯುವುದು ಮರುದಿನ, ಮೇಲ್ ಬಂದಾಗ.

ಎಂಐಟಿಯ ಥಾಮಸ್ ಆಲೆನ್ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದ್ದರು. ಎಂಜಿನಿಯರುಗಳ ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಅವರ ನಡುವಿನ ಮಾತು ಎಷ್ಟು ಕಡಿಮೆಯಾಗುತ್ತದೆ ಎಂಬ ಲೆಕ್ಕ ಅದು. ಮಾತು ನಿಧಾನಕ್ಕೆ ಇಳಿಯುವುದಿಲ್ಲ, ಧಡಕ್ಕನೆ ಕುಸಿಯುತ್ತದೆ. ಸುಮಾರು 50 ಮೀಟರ್ ದಾಟಿದರೆ ವಾರಕ್ಕೊಮ್ಮೆ ಕೆಲಸದ ಮಾತಾಡುವ ಸಾಧ್ಯತೆಯೂ ತೀರಾ ಕಮ್ಮಿ. ಒಂದೇ ಕಟ್ಟಡದ ಎರಡು ತುದಿಯಲ್ಲಿ ಕೂತವರ ಪಾಡೇ ಇದಾದರೆ, ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಕೂತು ಬೆಂಗಳೂರಿನ ಆಫೀಸಿಗೆ ದುಡಿಯುವವರ ಪಾಡು ಬೇರೆ ಹೇಳಬೇಕಾ?

ಟೆಲಿಪ್ರೆಸೆನ್ಸ್ ರೋಬೋಟ್ ಹೊರಟಿರುವುದು ಈ ಕೊರತೆ ತುಂಬಲು. ನೋಡೋಕೆ ಅಂಥದ್ದೇನೂ ಇಲ್ಲ. ಕೆಳಗೆ ಚಕ್ರ, ನಡುವೆ ಒಂದು ಕಂಬ, ಮೇಲೆ ಟ್ಯಾಬ್ಲೆಟ್‌ನಷ್ಟು ದೊಡ್ಡ ಪರದೆ. ಪರದೆಯ ಸುತ್ತ ಕ್ಯಾಮೆರಾ, ಮೈಕ್, ಸ್ಪೀಕರ್. ಮನೆಯಲ್ಲಿ ಕೂತವರ ಮುಖ ಪರದೆಯಲ್ಲಿ ಕಾಣುತ್ತದೆ, ಅವರು ಕೀಬೋರ್ಡ್‌ನ ಬಾಣದ ಕೀಲಿ ಒತ್ತಿದಂತೆ ಯಂತ್ರ ಆಫೀಸಿನಲ್ಲಿ ಚಲಿಸುತ್ತದೆ. ವಿಡಿಯೋ ಕಾಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಎಲ್ಲಿರಬೇಕು, ಯಾವ ಕಡೆ ನೋಡಬೇಕು ಎಂಬುದನ್ನು ದೂರದಲ್ಲಿರುವವರೇ ತೀರ್ಮಾನಿಸುತ್ತಾರೆ. ಕಾಲ್‌ನಲ್ಲಿದ್ದಾಗ ಬೇರೆಯವರು ತೋರಿಸಿದ್ದನ್ನು ನೋಡಬೇಕು. ಇಲ್ಲಿ ಬೇಕೆನಿಸಿದರೆ ವೈಟ್‌ಬೋರ್ಡ್ ಹತ್ತಿರ ಹೋಗಬಹುದು, ಬೇಸರವಾದರೆ ಕಿಟಕಿ ಕಡೆ ತಿರುಗಬಹುದು.

ಇದರ ಕಲ್ಪನೆ ಹಳೆಯದು. 1980ರಲ್ಲಿ ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ ಓಮ್ನಿ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಾಗ ಅವರ ತಲೆಯಲ್ಲಿ ಆಫೀಸು ಇರಲಿಲ್ಲ. ಪರಮಾಣು ಸ್ಥಾವರದಂಥ ಅಪಾಯದ ಜಾಗದಲ್ಲಿ, ದೂರದಿಂದಲೇ ಆಡಿಸಬಹುದಾದ ಕೈಗಳು ಬೇಕು ಅನ್ನುವುದು ಅವರ ಮಾತು. ಆಫೀಸಿಗೆ ಇದು ಬಂದ ಕತೆ ಸ್ವಲ್ಪ ತಮಾಷೆಯದು. ಕ್ಯಾಲಿಫೋರ್ನಿಯಾದ ವಿಲ್ಲೋ ಗರಾಜ್ ಎಂಬ ರೋಬೋಟ್ ಪ್ರಯೋಗಾಲಯದ ಎಂಜಿನಿಯರ್ ಒಬ್ಬರು ಸುಮಾರು 3,000 ಕಿಲೋಮೀಟರ್ ದೂರದ ಇಂಡಿಯಾನಾದಿಂದ ಕೆಲಸ ಮಾಡುತ್ತಿದ್ದರು. 2009ರ ಸುಮಾರಿಗೆ ಅವರಿಗಾಗಿ ಕೈಗೆ ಸಿಕ್ಕ ಬಿಡಿಭಾಗಗಳನ್ನು ಜೋಡಿಸಿ, ಮೇಲೊಂದು ಪರದೆ ಕೂರಿಸಿ, ಓಡಾಡುವ ಯಂತ್ರವೊಂದನ್ನು ಮಾಡಿದರು. ಅದಕ್ಕೆ ಟೆಕ್ಸಾಯ್ ಎಂದು ಹೆಸರಿಟ್ಟರು. ಅದೇ ಮುಂದೆ ಬೀಮ್ ಎಂಬ ಮಾರಾಟದ ರೋಬೋಟ್ ಆಯಿತು. 2014ರಲ್ಲಿ, ಅಮೆರಿಕದ ಗೂಢಚಾರಿಕೆಯ ಗುಟ್ಟು ಹೊರಹಾಕಿದ ಎಡ್ವರ್ಡ್ ಸ್ನೋಡೆನ್ ರಷ್ಯಾದಲ್ಲಿದ್ದುಕೊಂಡೇ ಕೆನಡಾದ ವ್ಯಾಂಕೂವರ್‌ನ ಟೆಡ್ ಭಾಷಣ ವೇದಿಕೆ ಮೇಲೆ ಓಡಾಡಿದ್ದು ಇದೇ ಬೀಮ್‌ನಲ್ಲಿ. ಇದರ ಜತೆಗೇ ಡಬಲ್ ಎಂಬ ಇನ್ನೊಂದು ಕಂಪನಿ ಐಪ್ಯಾಡ್ ಸಿಕ್ಕಿಸುವ ಎರಡು ಚಕ್ರದ ರೋಬೋಟ್ ತಂದಿತು. 2019ರಲ್ಲಿ ಬಂದ ಅದರ ಮೂರನೇ ಮಾದರಿಗೆ ಆಗಿನ ಬೆಲೆ 3,999 ಡಾಲರ್. ಭಾರತಕ್ಕೆ ತರಿಸಬೇಕೆಂದರೆ ಅದರ ಮೇಲೆ ಸುಂಕ, ಸಾಗಣೆ ಖರ್ಚು ಎಲ್ಲ ಸೇರಿಸಿಕೊಳ್ಳಿ.

ಎರಡೇ ಚಕ್ರದ ಮೇಲೆ ಅದು ಬೀಳದೆ ನಿಲ್ಲುವುದು ಹೇಗೆ? ಅಂಗೈ ಮೇಲೆ ಉದ್ದನೆಯ ಕೋಲು ನಿಲ್ಲಿಸುವ ಆಟ ಚಿಕ್ಕವರಿದ್ದಾಗ ಎಲ್ಲರೂ ಆಡಿರುತ್ತೀರಿ. ಕೋಲು ಯಾವ ಕಡೆ ವಾಲುತ್ತದೋ ಆ ಕಡೆಗೇ ಕೈ ಸರಿಸಬೇಕು. ರೋಬೋಟ್ ಮಾಡುವುದೂ ಅದನ್ನೇ. ಒಳಗಿರುವ ಗೈರೋಸ್ಕೋಪ್ ಮತ್ತು ವೇಗೋತ್ಕರ್ಷ ಮಾಪಕ ಅದು ಎಷ್ಟು ವಾಲಿದೆ ಎಂದು ಸೆಕೆಂಡಿಗೆ ಹಲವಾರು ಸಲ ಅಳೆಯುತ್ತವೆ, ಮೋಟಾರು ಚಕ್ರವನ್ನು ಅಷ್ಟೇ ಅಷ್ಟು ಸರಿಸುತ್ತದೆ. ಮುಂದೆ ಹೋಗಬೇಕಾದರೆ ಬೇಕೆಂದೇ ಚೂರು ಮುಂದಕ್ಕೆ ವಾಲುತ್ತದೆ. ಒಂದೇ ಕಡೆ ಹೊತ್ತು ಕಳೆಯಬೇಕಾದರೆ ಸಣ್ಣ ಕಾಲು ಇಳಿಸಿ ನಿಲ್ಲುತ್ತದೆ, ಬ್ಯಾಟರಿ ಉಳಿಯುತ್ತದೆ.

ಈಗ ಮೈಸೂರಿನ ಕುವೆಂಪುನಗರದ ಮನೆಯೊಂದರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುವ ಟೆಸ್ಟಿಂಗ್ ಎಂಜಿನಿಯರ್ ಒಬ್ಬರನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಲಾಗಿನ್ ಆಗುತ್ತಾರೆ. ಮಾರತಹಳ್ಳಿಯ ಆಫೀಸಿನ ಮೂಲೆಯಲ್ಲಿ ಚಾರ್ಜಿಂಗ್ ಡಾಕ್ ಮೇಲೆ ನಿಂತಿದ್ದ ರೋಬೋಟ್‌ನ ಪರದೆಯಲ್ಲಿ ಅವರ ಮುಖ ಮೂಡುತ್ತದೆ. ಅವರಿಗೆ ಕಾಣುವುದು ಆಫೀಸಿನ ಕಾರ್ಪೆಟ್, ಕುರ್ಚಿಗಳ ಬೆನ್ನು, ದೂರದಲ್ಲಿ ಕಾಫಿ ಮಷಿನ್. ಹೊಸ ಮಾದರಿಗಳಲ್ಲಿ ನೆಲದ ಮೇಲೆ ಚುಕ್ಕಿಗಳು ತೇಲಿದಂತೆ ಕಾಣುತ್ತವೆ. ಚುಕ್ಕಿ ಇರುವಷ್ಟು ಜಾಗಕ್ಕೆ ದಾರಿ ಇದೆ ಎಂದರ್ಥ. ಅವರು ಕಾಫಿ ಮಷಿನ್ ಹತ್ತಿರದ ನೆಲದ ಮೇಲೆ ಕ್ಲಿಕ್ ಮಾಡುತ್ತಾರೆ. ರೋಬೋಟ್ ಕುರ್ಚಿ ತಪ್ಪಿಸಿಕೊಂಡು ಹೊರಡುತ್ತದೆ. ಅಡ್ಡ ಬಂದವರು ನಿಂತು "ಓ, ಬಂದ್ರಾ? ನಿನ್ನೆ ಆ ಬಗ್ ಏನಾಯ್ತು?" ಅನ್ನುತ್ತಾರೆ. ಅಲ್ಲಿ ಎರಡು ನಿಮಿಷ ಮಾತು. ಇಷ್ಟಕ್ಕಾಗಿ ಯಾರೂ ಕ್ಯಾಲೆಂಡರ್ ಇನ್ವೈಟ್ ಕಳಿಸುವುದಿಲ್ಲ ಅಲ್ವಾ? ದುಡ್ಡು ಕೊಟ್ಟಿದ್ದು ಈ ಎರಡು ನಿಮಿಷಕ್ಕೇ.

ಈ ಎರಡು ನಿಮಿಷ ಸಲೀಸಾಗಿ ನಡೆಯಬೇಕಾದರೆ ಹಿಂದೆ ಎಷ್ಟು ಕೆಲಸ ಇದೆ ನೋಡಿ.

ಮೊದಲು ತಡ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು 150 ಮಿಲಿಸೆಕೆಂಡ್‌ಗಿಂತ ಕಮ್ಮಿ ಹಿಡಿದರೆ ಸಂಭಾಷಣೆ ಸಹಜವಾಗಿರುತ್ತದೆ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಜಾಸ್ತಿಯಾದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಮೈಸೂರು ದೂರ ಎಂಬ ಕಾರಣಕ್ಕೆ ಈ ತಡ ಬರುವುದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮೈಸೂರು-ಬೆಂಗಳೂರಿನ 145 ಕಿಲೋಮೀಟರ್ ಅದಕ್ಕೆ ಒಂದು ಮಿಲಿಸೆಕೆಂಡಿನ ಕೆಲಸವೂ ಅಲ್ಲ. 14,000 ಕಿಲೋಮೀಟರ್ ದೂರದ ಸ್ಯಾನ್ ಫ್ರಾನ್ಸಿಸ್ಕೋ ಆದರೆ 70 ಮಿಲಿಸೆಕೆಂಡ್ ಅಲ್ಲೇ ಹೋಗುತ್ತದೆ, ಅದಕ್ಕೇನೂ ಮಾಡುವಂತಿಲ್ಲ. ಮಿಕ್ಕ ತಡವೆಲ್ಲ ನಮ್ಮ ಮನೆ, ಆಫೀಸಿನ ಒಳಗಡೆಯದೇ. ಕ್ಯಾಮೆರಾ ಚಿತ್ರವನ್ನು ಕುಗ್ಗಿಸುವುದು, ತುಣುಕು ತುಣುಕಾಗಿ ಕಳಿಸುವುದು, ಆ ಕಡೆ ಮತ್ತೆ ಬಿಡಿಸುವುದು, ನಡುವೆ ರೂಟರ್‌ನಲ್ಲಿ ಸಾಲು ನಿಲ್ಲುವುದು.

ಬಹಳಷ್ಟು ರೋಬೋಟ್‌ಗಳು ಬಳಸುವುದು ಬ್ರೌಸರ್ ವಿಡಿಯೋ ಕಾಲ್‌ಗಳ ಹಿಂದಿರುವ ವೆಬ್‌ಆರ್‌ಟಿಸಿ ತಂತ್ರವನ್ನೇ. ಸಾಧ್ಯವಾದರೆ ಎರಡು ಕಂಪ್ಯೂಟರ್‌ಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ದಾರಿಯಲ್ಲಿ ಕಳೆದುಹೋದ ಚೂರಿಗಾಗಿ ಜಾಸ್ತಿ ಹೊತ್ತು ಕಾಯುವುದಿಲ್ಲ. ಹಳೆಯ ಚಿತ್ರ ಸರಿಯಾಗಿ ಕಾಣುವುದಕ್ಕಿಂತ ಹೊಸ ಚಿತ್ರ ಬೇಗ ಬರುವುದು ಮುಖ್ಯ. ಆದರೆ ಕಂಪನಿಯ ಫೈರ್‌ವಾಲ್ ಈ ನೇರ ದಾರಿ ಮುಚ್ಚಿದ್ದರೆ ಎಲ್ಲವೂ ಬೇರೆಲ್ಲೋ ಇರುವ ಮಧ್ಯವರ್ತಿ ಸರ್ವರ್ ಮೂಲಕ ಸುತ್ತಿ ಬರುತ್ತದೆ. ಆ ಸರ್ವರ್ ಸಿಂಗಪುರದಲ್ಲಿದ್ದರೆ ಮೈಸೂರಿನ ಮಾತು ಮಾರತಹಳ್ಳಿಗೆ ಸಿಂಗಪುರದ ಮೇಲೆ ಬರುತ್ತದೆ. ರೋಬೋಟ್ ಬಾಕ್ಸ್ ತೆರೆಯುವ ಮೊದಲು ಐಟಿ ಟೀಮಿಗೆ ಒಂದು ಟಿಕೆಟ್ ಹಾಕಿ, ಬೇಕಾದ ಪೋರ್ಟ್ ತೆರೆಸಿಕೊಳ್ಳುವುದು ವಾಸಿ.

ಮಾತಿನ ತಡ ಸುಮ್ನೆ ಕಿರಿಕಿರಿ. ಓಡಿಸುವಾಗಿನ ತಡದಿಂದ ಪೆಟ್ಟಾಗುತ್ತದೆ. ಕ್ಯಾಮೆರಾ ಕಂಡಿದ್ದು ನಿಮಗೆ ತಲುಪಿ, ನೀವು "ನಿಲ್ಲು" ಒತ್ತಿ, ಅದು ರೋಬೋಟ್‌ಗೆ ಮುಟ್ಟಲು 300 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. ಸೆಕೆಂಡಿಗೆ 70 ಸೆಂಟಿಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಅಷ್ಟರಲ್ಲಿ ಅದು ಇನ್ನೂ 21 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಯಾರದೋ ಕಾಲಿನ ಮೇಲೆ ಹತ್ತಲು ಅಷ್ಟು ಸಾಕು. ಅದಕ್ಕೇ ಒಳ್ಳೆಯ ರೋಬೋಟ್‌ಗಳು ಅಡ್ಡ ಬಂದದ್ದನ್ನು ತಾವೇ ಗುರುತಿಸಿ, ನಿಮ್ಮನ್ನು ಕೇಳದೆ ನಿಲ್ಲುತ್ತವೆ. ಆಳ ಅಳೆಯುವ ಕ್ಯಾಮೆರಾಗಳು ಈ ಕೆಲಸ ಮಾಡುತ್ತವೆ. ಅವಕ್ಕೊಂದು ದೊಡ್ಡ ಕಷ್ಟ ಇದೆ: ಗಾಜು. ಬೆಳಕು ಗಾಜಿನೊಳಗಿಂದ ದಾಟಿಹೋಗುವುದರಿಂದ ಅಲ್ಲೊಂದು ಗೋಡೆ ಇದೆ ಎಂಬುದೇ ತಿಳಿಯುವುದಿಲ್ಲ. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಗಾಜಿಲ್ಲದ ಕ್ಯಾಬಿನ್ ಹುಡುಕಿ ನೋಡೋಣ! ಕೆಲವು ರೋಬೋಟ್‌ಗಳು ಜತೆಗೆ ಶ್ರವಣಾತೀತ ಶಬ್ದದ ಸೆನ್ಸಾರ್ ಇಟ್ಟುಕೊಂಡಿರುತ್ತವೆ, ಗಾಜಿಗೆ ಬಡಿದ ಶಬ್ದ ವಾಪಸ್ ಬರುತ್ತದಲ್ಲ. ಮನುಷ್ಯರೇ ಬಡಿದುಕೊಳ್ಳದಿರಲಿ ಎಂದು ಗಾಜಿನ ಮೇಲೆ ಅಂಟಿಸುವ ಮಬ್ಬು ಪಟ್ಟಿ ಇವಕ್ಕೂ ನೆರವಾಗುತ್ತದೆ. ಅದು ಸೆನ್ಸಾರ್‌ನ ಎತ್ತರಕ್ಕೆ ಇರಬೇಕು ಅಷ್ಟೇ.

ಇನ್ನು ವೈ-ಫೈ. ಈ ಯಂತ್ರಗಳ ಬಗ್ಗೆ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇದೇ ಎಂದು ನಾನಂತೂ ಹೇಳುತ್ತೇನೆ. ಆಫೀಸಿನ ವೈ-ಫೈ ಚೆನ್ನಾಗಿದೆ ಎಂದು ಎಲ್ಲರೂ ನಂಬಿರುತ್ತಾರೆ. ನಂಬುವುದು ಯಾಕೆಂದರೆ ಅವರು ಒಂದು ಕಡೆ ಕೂತು ಬಳಸುತ್ತಾರೆ. ಎದ್ದು ನಡೆಯುವಾಗ ಲ್ಯಾಪ್‌ಟಾಪ್ ಮಡಚಿರುತ್ತಾರೆ. ರೋಬೋಟ್ ಮಾತ್ರ ನಡೆಯುತ್ತಲೇ ವಿಡಿಯೋ ಕಾಲ್‌ನಲ್ಲಿರುತ್ತದೆ.

ಛಾವಣಿಯಲ್ಲಿ ಅಲ್ಲಲ್ಲಿ ಬಿಳಿ ಡಬ್ಬಿಗಳಿರುತ್ತವೆ, ಅವೇ ಆಕ್ಸೆಸ್ ಪಾಯಿಂಟ್. ನೀವು ನಡೆದಂತೆ ನಿಮ್ಮ ಸಾಧನ ಒಂದು ಡಬ್ಬಿ ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ಸಾಧನ, ಡಬ್ಬಿ ಅಲ್ಲ. ಎಷ್ಟೋ ಸಾಧನಗಳು ಹಳೆಯ ಡಬ್ಬಿಗೇ ಅಂಟಿಕೊಂಡಿರುತ್ತವೆ. ಸಿಗ್ನಲ್ ಪೂರಾ ಸೊರಗಿದ ಮೇಲೆ ಬಿಡುತ್ತವೆ. ಬಿಟ್ಟ ಮೇಲೆ ಹೊಸ ಡಬ್ಬಿಗೆ "ನಾನು ಈ ಕಂಪನಿಯ ಸಾಧನವೇ" ಎಂದು ಮತ್ತೆ ಗುರುತು ತೋರಿಸಬೇಕು. ದೊಡ್ಡ ಕಂಪನಿಗಳ ಸುರಕ್ಷತಾ ವ್ಯವಸ್ಥೆಯಲ್ಲಿ ಇದಕ್ಕೆ ಅರ್ಧ ಸೆಕೆಂಡು, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯಬಹುದು. ಅಷ್ಟು ಹೊತ್ತು ರೋಬೋಟ್ ಕಾರಿಡಾರ್‌ನ ನಡುಮಧ್ಯೆ ನಿಂತುಬಿಡುತ್ತದೆ. ಸಂಪರ್ಕ ತಪ್ಪಿದರೆ ನಿಲ್ಲಲೇಬೇಕು, ಅದು ಸುರಕ್ಷತೆಯ ನಿಯಮ. ಪರದೆಯ ಮೇಲೆ ಮುಖ ಅರ್ಧ ಬಾಯಿ ತೆರೆದು ಹೆಪ್ಪುಗಟ್ಟಿರುತ್ತದೆ. ಹಿಂದೆ ಬಂದವರು "ಎಕ್ಸ್‌ಕ್ಯೂಸ್ ಮಿ" ಎಂದು ಮೂರು ಸಲ ಹೇಳಿ, ಆಮೇಲೆ ಪಕ್ಕದಿಂದ ಹೋಗುತ್ತಾರೆ.

ಪರಿಹಾರ ಇದೆ. 802.11ಆರ್ ಎಂಬ ಮಾನದಂಡ ಈ ಮರುಗುರುತಿನ ಕೆಲಸವನ್ನು ಮೊದಲೇ ಮುಗಿಸಿಡುತ್ತದೆ, ಡಬ್ಬಿ ಬದಲಾಗಿದ್ದು ಮಾತಾಡುವವರ ಗಮನಕ್ಕೂ ಬರುವುದಿಲ್ಲ. ನೆಟ್‌ವರ್ಕ್‌ನಲ್ಲಿ ಅದನ್ನು ಆನ್ ಮಾಡಿರಬೇಕು, ರೋಬೋಟ್‌ಗೂ ಅದು ಗೊತ್ತಿರಬೇಕು. ಜತೆಗೆ ಒಂದೊಂದು ದಿಕ್ಕಿಗೂ 2-3 ಎಂಬಿಪಿಎಸ್ ನೆಮ್ಮದಿಯಾಗಿ ಸಿಗಬೇಕು. ವೇಗಕ್ಕಿಂತ ಸ್ಥಿರತೆ ಮುಖ್ಯ. ಅತ್ತ ಮನೆಯಲ್ಲಿ ಕರೆಂಟ್ ಹೋದಾಗ ರೂಟರ್‌ಗೊಂದು ಸಣ್ಣ ಯುಪಿಎಸ್ ಇಲ್ಲದಿದ್ದರೆ ಇತ್ತ ಆಫೀಸಿನಲ್ಲಿ ಮಾಡಿದ್ದೆಲ್ಲ ವ್ಯರ್ಥ. ಇದನ್ನು ನಮ್ಮ ಊರುಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಿನ್ಸ್ಕಿ ಕನಸು ಕಂಡಿದ್ದು ಕೈಗಳನ್ನು. ಇವತ್ತಿನ ಆಫೀಸ್ ರೋಬೋಟ್‌ಗೆ ಇಲ್ಲದಿರುವುದು ಅವೇ. ಲಿಫ್ಟ್ ಗುಂಡಿ ಒತ್ತಲಾಗದು, ಆಕ್ಸೆಸ್ ಕಾರ್ಡ್ ತೋರಿಸಲಾಗದು, ಬಾಗಿಲು ತಳ್ಳಲಾಗದು. ಹಾಗಾಗಿ ಒಂದು ರೋಬೋಟ್ ಎಂದರೆ ಒಂದು ಮಹಡಿ, ಅದೂ ಬಾಗಿಲು ತೆರೆದೇ ಇರುವ ಭಾಗ. ಲಿಫ್ಟ್‌ನ ಕಂಪ್ಯೂಟರ್ ಜತೆ ಮಾತಾಡುವ ರೋಬೋಟ್‌ಗಳು ಬಂದಿವೆ ನಿಜ, ಆದರೆ ಬಾಡಿಗೆ ಕಟ್ಟಡದ ಲಿಫ್ಟ್‌ಗೆ ಕೈ ಹಾಕಲು ಮಾಲೀಕರು ಒಪ್ಪಬೇಕಲ್ಲ. ಕೆಲಸ ಮುಗಿದ ಮೇಲೆ ಡಾಕ್‌ಗೆ ವಾಪಸ್ ಒಯ್ದು ನಿಲ್ಲಿಸುವುದೂ ಓಡಿಸಿದವರ ಜವಾಬ್ದಾರಿ. ಅದನ್ನು ಮರೆತರೆ ಸಂಜೆ ಹೌಸ್‌ಕೀಪಿಂಗ್‌ನವರು ಅದನ್ನು ಮೂಲೆಗೆ ತಳ್ಳುವುದು, ಬೆಳಿಗ್ಗೆ ಲಾಗಿನ್ ಆದವರಿಗೆ ಗೋಡೆ ಬಿಟ್ಟು ಬೇರೇನೂ ಕಾಣದಿರುವುದು, ಇವೆಲ್ಲ ಆಗುವಂಥವೇ.

ಐಟಿ ಸೇವಾ ಕಂಪನಿಗಳಲ್ಲಿ ಇನ್ನೊಂದು ಬೇಲಿಯೂ ಇದೆ. ವಿದೇಶಿ ಗ್ರಾಹಕರಿಗಾಗಿ ಮೀಸಲಿಟ್ಟ ಓಡಿಸಿ (ಆಫ್‌ಶೋರ್ ಡೆವಲಪ್‌ಮೆಂಟ್ ಸೆಂಟರ್) ವಿಭಾಗಗಳಲ್ಲಿ ಎಷ್ಟೋ ಕಡೆ ಫೋನನ್ನೂ ಹೊರಗೇ ಇಡಬೇಕು. ಕ್ಯಾಮೆರಾ ಹೊತ್ತು ತಿರುಗುವ ಯಂತ್ರವನ್ನು ಅಲ್ಲಿ ಬಿಡುತ್ತಾರೆಯೇ? ಆ ಭಯ ಸುಳ್ಳೂ ಅಲ್ಲ. 2017ರಲ್ಲಿ ರ್‍ಯಾಪಿಡ್7 ಎಂಬ ಸುರಕ್ಷತಾ ಸಂಸ್ಥೆ ಡಬಲ್ ರೋಬೋಟ್‌ನಲ್ಲಿ ಹಲವು ಲೋಪಗಳನ್ನು ಬಹಿರಂಗಪಡಿಸಿತ್ತು. ಬಳಕೆದಾರರ ಕೆಲವು ಮಾಹಿತಿ ಪಾಸ್‌ವರ್ಡ್ ಇಲ್ಲದೆಯೇ ಸಿಗುತ್ತಿತ್ತು, ಬ್ಲೂಟೂತ್ ಜೋಡಣೆಯೂ ಸಡಿಲವಾಗಿತ್ತು. ಮುಖ್ಯವಾದವನ್ನು ಕಂಪನಿ ಸರಿಪಡಿಸಿತು. ಕೊಳ್ಳುವವರು ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂದು ಮೊದಲೇ ಕೇಳಬೇಕು ಅನ್ನುವುದು ಇದಕ್ಕೇ.

ಯಂತ್ರದ ಕತೆ ಇಷ್ಟು. ಜನರದ್ದು ಇದಕ್ಕಿಂತ ಸ್ವಾರಸ್ಯ.

ಮಿನ್ ಕ್ಯುಂಗ್ ಲೀ ಮತ್ತು ಲೀಲಾ ಟಕಯಾಮಾ ಎಂಬ ಸಂಶೋಧಕಿಯರು ಕಂಪನಿಗಳಲ್ಲಿ ಈ ರೋಬೋಟ್‌ಗಳ ಜತೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ತಿಂಗಳುಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದರು. ಕೆಲವರು ಅದನ್ನು ಮನುಷ್ಯರಂತೆ ಕಂಡರೆ, ಕೆಲವರು ಸಾಮಾನಿನಂತೆ ಕಂಡರು. ಮಾತಾಡುತ್ತಾ ರೋಬೋಟ್‌ನ ಬುಡದ ಮೇಲೆ ಕಾಲಿಟ್ಟುಕೊಂಡವರೂ ಇದ್ದರು! ಪರದೆಯಲ್ಲಿದ್ದವರಿಗೆ ಯಾರೋ ತಮ್ಮ ಮೈ ಮೇಲೇ ಕಾಲಿಟ್ಟಂತೆ. ನಮ್ಮಲ್ಲಿ ಕಾಲು ತಾಗಿದರೆ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ರೂಢಿ ಇದೆ. ರೋಬೋಟ್‌ಗೂ ಯಾರಾದರೂ ಹಾಗೆ ಮಾಡಿದರೆ ನನಗೆ ಆಶ್ಚರ್ಯವಿಲ್ಲ.

ದನಿಯದ್ದು ಇನ್ನೊಂದು ತಾಪತ್ರಯ. ಮನೆಯಲ್ಲಿ ಕೂತವರಿಗೆ ತಮ್ಮ ದನಿ ಆಫೀಸಿನಲ್ಲಿ ಎಷ್ಟು ಜೋರಾಗಿ ಕೇಳುತ್ತಿದೆ ಎಂದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಯಾರು ಮುಖ ಸಿಂಡರಿಸಿದರು ಎಂಬುದೂ ಚೌಕಟ್ಟಿನಾಚೆ. ಹೇಳುವುದಕ್ಕೆ ಸಂಕೋಚಪಟ್ಟು ಸಹೋದ್ಯೋಗಿಗಳು ತಾವೇ ರೋಬೋಟ್‌ನ ವಾಲ್ಯೂಮ್ ತಗ್ಗಿಸಬಹುದು, ಆದರೆ ಒಬ್ಬರ ಬಾಯಿಗೆ ಕೈ ಹಾಕಿದ ಹಾಗಲ್ಲವೇ ಅದು? ಆಫೀಸಿನಲ್ಲಿ ಇದನ್ನು ಮೊದಲೇ ಮಾತಾಡಿಕೊಂಡಿರಬೇಕು: "ಸ್ವಲ್ಪ ಮೆಲ್ಲಗೆ" ಎಂದು ಹೇಳುವುದು ತಪ್ಪಲ್ಲ, ಕೇಳದೆ ಮುಟ್ಟುವುದು ತಪ್ಪು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಐರೀನ್ ರೇ, ಟಕಯಾಮಾ ಮತ್ತು ಬಿಲ್ಗೆ ಮುಟ್ಲು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರೋಬೋಟ್‌ನಲ್ಲಿದ್ದವರಿಗೆ ಮುಂದಾಳತ್ವದ ಪಾತ್ರ ಕೊಟ್ಟರು. ರೋಬೋಟ್ ಎದುರಿಗಿದ್ದವರಿಗಿಂತ ಕುಳ್ಳಗಿದ್ದಾಗ ಅವರ ಮಾತು ಕಡಿಮೆ ಮನದಟ್ಟಾಯಿತು. ಆದ್ದರಿಂದ ಎತ್ತರ ಹೊಂದಿಸುವ ಸೌಲಭ್ಯ ಬರೀ ಶೋಕಿಯಲ್ಲ. ಕೂತವರ ಜತೆ ಮಾತಾಡುವಾಗ ಇಳಿಸಬೇಕು, ನಿಂತವರ ಗುಂಪಿನಲ್ಲಿ ಏರಿಸಬೇಕು.

ಹಾಗಾದರೆ ಬೆಂಗಳೂರಿನಲ್ಲಿ ಇದು ಯಾರಿಗೆ? ಟ್ರಾಫಿಕ್‌ಗೆ ಇದು ಮದ್ದು ಎಂದು ಮಾರುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ 17 ಕಿಲೋಮೀಟರ್‌ನಲ್ಲಿ ದಿನವೂ ಸಿಕ್ಕಿಕೊಳ್ಳುವವರು ಲಕ್ಷಗಟ್ಟಲೆ. ಅಷ್ಟು ಜನರ ಬದಲು ಅಷ್ಟು ರೋಬೋಟ್ ನಿಲ್ಲಿಸಿದರೆ ಟ್ರಾಫಿಕ್ ಜಾಮ್ ರಸ್ತೆಯಿಂದ ಕಾರಿಡಾರಿಗೆ ಬರುತ್ತದೆ ಅಷ್ಟೇ. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು ನೆನಪಿದೆಯಾ? ಅಂಥ ದಿನಕ್ಕೆ ಮಾಮೂಲಿ ವಿಡಿಯೋ ಕಾಲ್ ಸಾಕು. ಎಲ್ಲರೂ ಮನೆಯಲ್ಲಿದ್ದಾಗ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ತೊಂದರೆ ಬರುವುದು ಬಹಳ ಜನ ಆಫೀಸಿನಲ್ಲಿದ್ದು, ಒಬ್ಬಿಬ್ಬರು ಮಾತ್ರ ಹೊರಗಿದ್ದಾಗ.

ಆ ಒಬ್ಬಿಬ್ಬರಲ್ಲೂ ಬರಲು ಆಗದೇ ಇರುವವರಿಗೆ ಇದು ಹೆಚ್ಚು ದಕ್ಕುತ್ತದೆ. ಬೆನ್ನುಹುರಿಗೆ ಪೆಟ್ಟಾದವರು, ದೀರ್ಘ ಚಿಕಿತ್ಸೆಯಲ್ಲಿರುವವರು, ಹಾಸಿಗೆ ಹಿಡಿದ ತಂದೆತಾಯಿಯನ್ನು ಬಿಟ್ಟು ಹೊರಡಲಾಗದವರು. ಟೋಕಿಯೋದ ನಿಹೊನ್‌ಬಾಶಿಯಲ್ಲಿ 2021ರಿಂದ ಡಾನ್ ಎಂಬ ಕೆಫೆ ಇದೆ. ಅಲ್ಲಿ ಒರಿಹಿಮೆ ಎಂಬ ರೋಬೋಟ್‌ಗಳು ಆರ್ಡರ್ ಕೇಳುತ್ತವೆ, ಪಾನೀಯ ತಂದುಕೊಡುತ್ತವೆ. ಅವನ್ನು ನಡೆಸುವವರು ಮನೆಯಿಂದ ಹೊರಬರಲಾಗದ ಅಂಗವಿಕಲರು, ಕೆಲವರು ಹಾಸಿಗೆಯಲ್ಲೇ ಇರುವವರು. ಅವರಿಗೆ ಅದು ಸಂಬಳದ ಕೆಲಸ. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೆಲಸದ ಜಾಗದಲ್ಲಿ ಸೂಕ್ತ ಅನುಕೂಲ ಮಾಡಿಕೊಡುವ ಮಾತಾಡುತ್ತದೆ. ಇಳಿಜಾರು ದಾರಿ ಕಟ್ಟಿ ಕೈತೊಳೆದುಕೊಳ್ಳುವ ಕಂಪನಿಗಳು ಈ ಕಡೆಯೂ ಸ್ವಲ್ಪ ಯೋಚಿಸಬಹುದು. ಓಡಾಡುವ ಪರದೆ ನಮ್ಮೂರಿಗೆ ತೀರಾ ಹೊಸದೂ ಅಲ್ಲ. 2020ರಲ್ಲಿ ಕೋವಿಡ್ ಹೊತ್ತಿಗೆ ಬನ್ನೇರುಘಟ್ಟ ರಸ್ತೆಯ ಫೋರ್ಟಿಸ್ ಆಸ್ಪತ್ರೆ ಬಾಗಿಲಲ್ಲೇ ಬಂದವರನ್ನು ವಿಚಾರಿಸಲು ಬೆಂಗಳೂರಿನದೇ ಆದ ಇನ್ವೆಂಟೋ ಕಂಪನಿಯ ಮಿತ್ರ ರೋಬೋಟನ್ನು ನಿಲ್ಲಿಸಿತ್ತು.

ಎರಡನೆಯದು, ಕಣ್ಣಾರೆ ನೋಡದೆ ಆಗದ ಕೆಲಸ. ಪೀಣ್ಯದ ಕಾರ್ಖಾನೆಯ ಯಂತ್ರದ ಮುಂದೆಯೋ, ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬಿನ ಬೋರ್ಡ್ ಮುಂದೆಯೋ ತಜ್ಞರು ನಿಂತು ನೋಡಬೇಕು. ಫೋನ್ ಹಿಡಿದು "ಇನ್ನೂ ಸ್ವಲ್ಪ ಎಡಕ್ಕೆ, ಅಯ್ಯೋ ಅಷ್ಟಲ್ಲ" ಎಂದು ಹೇಳಿಸಿಕೊಳ್ಳುವವರ ಕೈ ಇಲ್ಲಿ ಬಿಡುವಾಗುತ್ತದೆ. ಕೋಡ್ ಬರೆಯುವ ತಂಡಕ್ಕೆ ಇದರಷ್ಟು ಲಾಭ ಇಲ್ಲ.

ಇದನ್ನು ಎಲ್ಲಕ್ಕಿಂತ ಬೇಗ ಕೆಡಿಸುವವರು ಮ್ಯಾನೇಜರುಗಳು. ಯಾರು ಸೀಟಿನಲ್ಲಿದ್ದಾರೆ ಎಂದು ನೋಡಲು ರೋಬೋಟ್‌ನಲ್ಲಿ ಒಂದು ಸುತ್ತು ಹೊಡೆದರೆ ಮುಗಿಯಿತು, ಮರುದಿನದಿಂದ ಯಾರೂ ಅದರ ಮುಂದೆ ಬಾಯಿ ಬಿಡುವುದಿಲ್ಲ. ಮೊದಲ ತಿಂಗಳು ಬಾಸ್‌ಗಳಿಗೆ ಲಾಗಿನ್ ಕೊಡದಿರುವುದೇ ಒಳ್ಳೆಯದು. ರೆಕಾರ್ಡಿಂಗ್ ಇಲ್ಲ ಎಂಬುದನ್ನು ಎಲ್ಲರಿಗೂ ತಿಳಿಸಿರಬೇಕು, ಓಡಿಸುತ್ತಿರುವವರ ಹೆಸರು ಪರದೆ ಮೇಲೆ ಸದಾ ಕಾಣಬೇಕು.

ನಿಮ್ಮ ತಂಡಕ್ಕೆ ಬೇಕಾಗಿರುವುದು ಮೀಟಿಂಗ್ ಸರಿಯಾಗಿ ಕೇಳಿಸುವುದಷ್ಟೇ ಆದರೆ ರೂಮಿಗೆ ಒಳ್ಳೆಯ ಮೈಕ್ ಹಾಕಿಸಿ, ಸುತ್ತಲೂ ಕಾಣುವ ಕ್ಯಾಮೆರಾ ಇಡಿ. ಕಡಿಮೆ ದುಡ್ಡಿಗೆ ಆಗುತ್ತದೆ. ಮೀಟಿಂಗಿನಾಚೆಗೂ ಬೇಕು ಅನಿಸಿದರೆ, ಆರ್ಡರ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಪ್ಯಾಂಟ್ರಿಯಿಂದ ಟ್ರಾಲಿ ತನ್ನಿ. ಅದರ ಮೇಲೆ ವೀಡಿಯೋ ಕಾಲ್ ಆನ್ ಇರುವ ಲ್ಯಾಪ್‌ಟಾಪ್ ಇಡಿ, ಇನ್ನೊಂದು ತುದಿಯಲ್ಲಿ ಮನೆಯಲ್ಲಿರುವ ಸಹೋದ್ಯೋಗಿ ಇರಲಿ. ಡಾಕ್ ಇಡುವ ಜಾಗದಿಂದ ಮೀಟಿಂಗ್ ರೂಮಿಗೆ, ಅಲ್ಲಿಂದ ಕಾಫಿ ಮಷಿನ್‌ಗೆ, ಅಲ್ಲಿಂದ ನಿಮ್ಮ ಸಾಲಿಗೆ ನಿಧಾನವಾಗಿ ತಳ್ಳಿಕೊಂಡು ಹೋಗಿ. ಅವರು "ನಿಂತೋಯ್ತು" ಎಂದಲ್ಲೆಲ್ಲ ನೆಲಕ್ಕೊಂದು ಟೇಪ್ ಚೂರು ಅಂಟಿಸಿ, ಬಾಗಿಲಿಗೆ ಕಾರ್ಡ್ ಬೇಕಾದಲ್ಲಿ ಎರಡು. ಊಟದ ಹೊತ್ತಿನಲ್ಲಿ, ಎಲ್ಲರ ಫೋನೂ ವೈ-ಫೈ ಮೇಲಿರುವಾಗ, ಇನ್ನೊಂದು ಸುತ್ತು ಹೋಗಿ. ಆ ಟೇಪ್‌ಗಳ ಫೋಟೋ ತೆಗೆದು ಐಟಿ ಟೀಮಿಗೆ ಕಳಿಸಿ. ಅವರು ಕೊಡುವ ಅಂದಾಜು ಖರ್ಚು ರೋಬೋಟ್‌ನ ಬೆಲೆಯ ಪಕ್ಕದಲ್ಲೇ ಬರೆದುಕೊಳ್ಳಿ. ಕೊಳ್ಳಬೇಕಾದರೆ ಕೊಡಬೇಕಾಗುವುದು ಆ ಎರಡರ ಮೊತ್ತ.